ಎರಡು ಹೆಲ್ಮೆಟ್ಟು

ಡಿಸೆಂಬರ್ ೪, ಗುರುವಾರ

...'ಅವರಿಗೆ ಕಷ್ಟ ಆಗಬಾರದು' ಎಂದರೋ 'ನಮಗೆ ಕಷ್ಟ ಆಗಬಾರದು' ಎಂದರೋ, ಈಗ ಸರಿಯಾಗಿ ನೆನಪಾಗುತ್ತಿಲ್ಲ. ಕಷ್ಟ ಎಂಬ ಮಾತಂತೂ ಇತ್ತು. ಅದನ್ನು ಹೇಳುವಾಗ ನಿತ್ಯಾನಂದ ಶೆಟ್ಟರು ಚಹಾದ ಲೋಟವನ್ನು ಸದ್ದಾಗದಂತೆ ಮೇಜಿನ ಮೇಲಿಟ್ಟರು. ಹೋಟೆಲು ನಡೆಸುವವರು. ಸದ್ದಿಲ್ಲದೆ ಇಡುವುದು ಅವರಿಗೆ ಗೊತ್ತು.

ಆದದ್ದು ಇಷ್ಟು. ಉರ್ವದಲ್ಲಿ ಮಕ್ಕಳು ಚಕ್ರದ ಬೂಟು ತೊಟ್ಟು ಆಡುವ ನಮ್ಮ ರೋಲರ್ ಹಾಕಿ ಪಂದ್ಯಾವಳಿಗೆ ಇದು ಮೂವತ್ತೊಂದನೆಯ ವರ್ಷ. ಹೊರಗಿನಿಂದ ಎಂಟು ತಂಡ, ತಂಡಕ್ಕೆ ಹತ್ತು ಮಕ್ಕಳು, ಎಲ್ಲರೂ ಹದಿನಾಲ್ಕರ ಒಳಗಿನವರು. ಒಬ್ಬರನ್ನೂ ಲಾಡ್ಜಿನಲ್ಲಿ ಇಳಿಸಿದ್ದಿಲ್ಲ. ಇಲ್ಲಿನ ನಲುವತ್ತು ಮನೆಗಳು ಇಬ್ಬಿಬ್ಬರನ್ನು ಕರೆದುಕೊಂಡು ಹೋಗುತ್ತವೆ. ಯಾವ ಮನೆಗೆ ಯಾರು ಎಂಬುದು ಚೀಟಿ ಎತ್ತಿ ತೀರ್ಮಾನ. ಕಾಟಿಪಳ್ಳದ ಮಕ್ಕಳು ಬೇಕಾದರೆ ಸಂಜೆಯ ಬಸ್ಸಿನಲ್ಲಿ ಮನೆ ಸೇರಬಹುದು. ಅವರೂ ಇಲ್ಲೇ ಉಳಿಯಬೇಕು. ಆಡುವುದಕ್ಕಿಂತ ಉಳಿಯುವುದು ಮುಖ್ಯ ಎಂದು ಇದನ್ನು ಶುರುಮಾಡಿದವರು ಹೇಳುತ್ತಿದ್ದರು.

ಈ ವರ್ಷ ಮೊದಲ ಬಾರಿಗೆ ಕಾರ್ಗಿಲಿನಿಂದ ಒಂದು ತಂಡ ಬರುತ್ತಿದೆ. ಅವರು ಆಡುವುದು ಮಂಜುಗಡ್ಡೆಯ ಮೇಲೆ. ಈ ಸಲ ಚಳಿ ತಡವಾಗಿದೆ, ಹೆಪ್ಪುಗಟ್ಟುವವರೆಗೆ ಚಕ್ರದ ಮೇಲೆ ಅಭ್ಯಾಸ ಮಾಡುತ್ತೇವೆ, ಬರಬಹುದೇ ಎಂದು ಅವರ ಕೋಚ್ ಬರೆದಿದ್ದರು. ಕಮಿಟಿ ಕುಣಿದುಕೊಂಡು ಒಪ್ಪಿತು. ಪತ್ರಿಕೆಗೆ ಒಳ್ಳೆಯ ಫೋಟೋ. ಮೊನ್ನೆ ಮಕ್ಕಳ ಹೆಸರಿನ ಪಟ್ಟಿ ಬಂತು. ಹತ್ತೂ ಮುಸ್ಲಿಂ ಹೆಸರುಗಳು. ಇವತ್ತು ಅಧ್ಯಕ್ಷರು, ಅಂದರೆ ಶೆಟ್ಟರು, ಆ ಹತ್ತು ಮಂದಿಯನ್ನು ತಮ್ಮ ಹೋಟೆಲಿನ ಮೇಲಿನ ಹಾಲ್‌ನಲ್ಲಿ ಇಳಿಸುವುದಾಗಿ ಹೇಳಿದರು. ಊಟದ ದೃಷ್ಟಿಯಿಂದ. ಹೆಸರಿನ ವಿಷಯ ಯಾರೂ ಎತ್ತಲಿಲ್ಲ. ಅಷ್ಟು ನಾಜೂಕು ನಮ್ಮಲ್ಲಿ ಇದೆ.

ಏಳು ಮಂದಿ ಕೂತಿದ್ದೆವು. ಚೀಟಿಯ ಜವಾಬ್ದಾರಿ ನನ್ನದು, ಹದಿನೆಂಟು ವರ್ಷದಿಂದ. ನಾನು ಆಡಿದ್ದು ಒಂದೇ ಶಬ್ದ: 'ನೋಡುವ.'

ಮನೆಯಲ್ಲಿ ನಾವು ಆಡುವುದು ತುಳು. ನನಗೆ ಸಿಟ್ಟು ಬರುವುದೂ ತುಳುವಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುವಷ್ಟರಲ್ಲಿ ಅದು ಸ್ನಾನ ಮಾಡಿ, ಬಟ್ಟೆ ಹಾಕಿಕೊಂಡು ಬಂದುಬಿಡುತ್ತದೆ.

ಡಿಸೆಂಬರ್ ೬, ಶನಿವಾರ

ಅಧ್ಯಕ್ಷರಿಗೆ ಪತ್ರ ಬರೆಯುತ್ತಿದ್ದೇನೆ. ಎರಡು ಪುಟ ಆಗಿದೆ. ಮೂವತ್ತು ವರ್ಷದ ಪದ್ಧತಿಯನ್ನು ಒಂದು ಚಹಾದ ಹೊತ್ತಿನಲ್ಲಿ ಮುರಿಯುವ ಹಕ್ಕು ಯಾರಿಗೂ ಇಲ್ಲ ಎಂಬಲ್ಲಿಗೆ ಬಂದಿದ್ದೇನೆ. ಚೀಟಿಗೆ ಮುಖ ಇಲ್ಲ, ಜಾತಿ ಇಲ್ಲ, ಅದೇ ಅದರ ಘನತೆ ಎಂದೂ ಬರೆದಿದ್ದೇನೆ. ಕಾಲೇಜಿನಲ್ಲಿ ಗಣಿತ ಕಲಿಸುವವನಿಗೆ ಇಂಥ ವಾಕ್ಯ ವರ್ಷಕ್ಕೊಮ್ಮೆ ಸಿಗುವುದು.

ಮಗಳು ತನ್ಮಯಿ ಹೆಗಲ ಮೇಲಿಂದ ಓದಿದಳು. ಹತ್ತು ವರ್ಷ ನಮ್ಮ ಸ್ಕೇಟಿಂಗ್ ರಿಂಕಿನಲ್ಲಿ ಗೋಲ್ ಕಾದವಳು, ಈಗ ರೆಫ್ರಿ.

"ಎರಡು ಹೆಲ್ಮೆಟ್ಟಿನ ವಿಷಯ ಬರೀಲಿಲ್ವಾ ಅಪ್ಪ?"

ಚೀಟಿಗಳನ್ನು ಹಾಕುವುದು ಗೋಲ್ ಕೀಪರ್‌ನ ಹೆಲ್ಮೆಟ್ಟಿನಲ್ಲಿ. ಮೊದಲು ಒಂದೇ ಇತ್ತು. ೨೦೦೯ರಲ್ಲಿ ನಾನು ಮಕ್ಕಳ ಅರ್ಜಿಯಲ್ಲಿ 'ಊಟ' ಎಂಬ ಕಾಲಮ್ ಸೇರಿಸಿ ಎರಡು ಮಾಡಿದೆ: ಸಸ್ಯಾಹಾರದವರಿಗೆ ಬಿಳಿ, ಉಳಿದವರಿಗೆ ಕಪ್ಪು. ಅದು ಬರೀ ಅನುಕೂಲದ ಮಾತು. ಆಗ ಅಮ್ಮ ಇದ್ದರು, ಅವರ ಮಡಿ ಇತ್ತು. ಅದಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಹಾಗೆಂದು ಅವಳಿಗೆ ಹೇಳಿದೆ, ಬೇಕಾದದ್ದಕ್ಕಿಂತ ಗಟ್ಟಿಯಾಗಿ.

"ಆಯ್ತು ಮಾರಾಯ್ರೆ," ಎಂದು ಹೋದಳು. ಅಪ್ಪನಿಗೆ ಮಾರಾಯ್ರೆ.

ಡಿಸೆಂಬರ್ ೯, ಮಂಗಳವಾರ

ಪತ್ರಕ್ಕೆ ನಾಲ್ಕು ಮನೆಗಳ ಸಹಿ ಇದ್ದರೆ ತೂಕ ಬರುತ್ತದೆ. ಪೌಲ್ ಡಿಸೋಜ ಓದದೆ ಸಹಿ ಹಾಕಿದರು. ಕ್ರಿಸ್ಮಸ್ಸಿನ ಕುಸ್ವಾರ್ ತಿಂಡಿಗಳ ಕೆಲಸದಲ್ಲಿ ಕೈಯೆಲ್ಲ ಹಿಟ್ಟು, ಕಾಗದದ ಮೂಲೆಗೂ ಮೆತ್ತಿತು. ಆಮೇಲೆ ಮುಮ್ತಾಝ್ ಅವರಲ್ಲಿಗೆ ಹೋದೆ. ಆಸ್ಪತ್ರೆಯಲ್ಲಿ ನರ್ಸ್, ನಮ್ಮ ಮನೆಯಿಂದ ಆರನೆಯ ಗೇಟು. ೨೦೦೯ರಿಂದ ಪ್ರತಿ ಸಲವೂ ಇಬ್ಬರನ್ನು ಇಟ್ಟುಕೊಂಡಿದ್ದಾರೆ. ಸಹಿ ಹಾಕುವ ಮೊದಲ ಕೈ ಅವರದ್ದೇ ಇರಬೇಕಿತ್ತು ಎಂದು ದಾರಿಯಲ್ಲಿ ಅಂದುಕೊಂಡೆ.

ಪೂರ್ತಿ ಓದಿದರು. ಕಾಗದವನ್ನು ಮಡಚಿ ವಾಪಸು ಕೊಟ್ಟರು.

"ಚೀಟಿಗೆ ಜಾತಿ ಇಲ್ಲ ಅಂತ ಬರೆದಿದ್ದೀರಿ, ಸರ್."

"ಹೌದು."

"ನನ್ನ ಮನೆಗೆ ಇಷ್ಟು ವರ್ಷ ಬಂದ ಮಕ್ಕಳ ಹೆಸರು ನಿಮ್ಮ ಹತ್ರ ಉಂಟಲ್ಲ. ಒಮ್ಮೆ ಓದಿ ನೋಡಿ. ಆಮೇಲೆ ಬನ್ನಿ, ಸಹಿ ಹಾಕ್ತೇನೆ."

"ಎಂತ ಅಂದ್ರೆ..."

"ಎಂತ ಇಲ್ಲ. ಚಾ ಕುಡೀತೀರಾ?"

ಕುಡಿಯಲಿಲ್ಲ. ಸಿಟ್ಟು ಬಂದಿತ್ತು. ಇವರಿಗಾಗಿ ಎಂದು ಒಬ್ಬ ಮನುಷ್ಯ ಬೀದಿಯಲ್ಲಿ ಕಾಗದ ಹಿಡಿದು ತಿರುಗುತ್ತಾನೆ. ಇವರು ಅವನಿಗೆ ಮನೆಲೆಕ್ಕ ಕೊಡುತ್ತಾರೆ.

ಡಿಸೆಂಬರ್ ೧೦, ಬುಧವಾರ

ಓದಿದೆ. ಕೊರೋನಾದ ಎರಡು ವರ್ಷ ಬಿಟ್ಟರೆ ಮುಮ್ತಾಝ್ ಅವರು ಎತ್ತಿದ್ದು ಹದಿನಾಲ್ಕು ಚೀಟಿ. ಮನೆಗೆ ಬಂದವರು ಹದಿಮೂರು ಸಲ ಮುಸ್ಲಿಂ ಮಕ್ಕಳು. ಕಪ್ಪು ಹೆಲ್ಮೆಟ್ಟಿನಲ್ಲಿ ಅವರ ಪಾಲು ಹೆಚ್ಚೆಂದರೆ ಕಾಲು ಭಾಗ. ಆಕಸ್ಮಿಕವಾಗಿ ಹೀಗಾಗುವ ಸಂಭವ ಅರುವತ್ತು ಲಕ್ಷದಲ್ಲಿ ಒಂದು.

ತರಗತಿಯಲ್ಲಿ ಇಂಥ ಉತ್ತರ ಬಂದಾಗ ಮಕ್ಕಳಿಗೆ ಹೇಳುತ್ತೇನೆ: ಲೆಕ್ಕ ಸರಿ ಇದೆ, ಶುರುವಿನಲ್ಲಿ ನೀವು ಊಹಿಸಿಕೊಂಡದ್ದು ತಪ್ಪು.

ಚೀಟಿ ಎತ್ತಿದ ಮೇಲೆ ಅಂಗಳದಲ್ಲಿ ಸ್ವಲ್ಪ ಹೊತ್ತು ಮಾತುಕತೆ ನಡೆಯುತ್ತದೆ. ಅವರ ಚೀಟಿ ಇವರಿಗೆ, ಇವರದ್ದು ಅವರಿಗೆ. ನಾನು ಮೇಜಿನ ಹಿಂದೆ ಕೂತಿರುತ್ತೇನೆ. ಕಡೆಗೆ ನನಗೆ ಬಂದು ಹೇಳಿದ್ದನ್ನು ಬರೆದುಕೊಳ್ಳುತ್ತೇನೆ. ಪಟ್ಟಿಯಲ್ಲಿ ಹದಿಮೂರು ಕಡೆ ನನ್ನದೇ ಅಕ್ಷರ: 'ಪರಸ್ಪರ ಒಪ್ಪಿಗೆಯಿಂದ ಬದಲಾವಣೆ.'

ಮುಮ್ತಾಝ್ ಅವರ ಒಪ್ಪಿಗೆಯನ್ನು ಯಾರು ಕೇಳಿದ್ದರು ಎಂಬುದು ಬರೆದಿಲ್ಲ. ಅದಕ್ಕೆ ಕಾಲಮ್ ಇರಲಿಲ್ಲ.

ಡಿಸೆಂಬರ್ ೧೩, ಶನಿವಾರ

ಪತ್ರ ಬೇಡ, ಮುಖತಃ ಹೇಳುವುದೇ ಸರಿ ಎಂದು ಶೆಟ್ಟರ ಹೋಟೆಲಿಗೆ ಹೋದೆ. ಮಧ್ಯಾಹ್ನದ ಊಟ ಮುಗಿದು ಖಾಲಿಯಾಗಿತ್ತು. ಬನ್ಸ್ ತರಿಸಿದರು. ಮುಟ್ಟಬಾರದು ಎಂದುಕೊಂಡೆ, ಮಾತಿನ ನಡುವೆ ಒಂದು ತಿಂದೆ.

"ನಿಮ್ಮ ಮನೇಲೇ ವಾರಕ್ಕೆ ಐದು ದಿನ ಮೀನು, ಶೆಟ್ರೆ. ಊಟದ ಕಾರಣ ನೀವು ಹೇಳುವುದಾ?"

"ನಾನು ನನಗೋಸ್ಕರ ಹೇಳಿದ್ದಾ ಮಾಷ್ಟ್ರೆ? ನಲುವತ್ತು ಮನೆ ಉಂಟು. ಈಗ ಕಾಲ ಹೇಗುಂಟು, ನಿಮಗೆ ಗೊತ್ತಿಲ್ವಾ? ಐದು ಚೀಟಿ ಅವರದ್ದು ಇರ್ತದೆ. ಆ ಐದನ್ನು ಹಿಡ್ಕೊಂಡು ಅಂಗಳದಲ್ಲಿ ಒಬ್ಬರ ಮುಖ ಒಬ್ಬರು ನೋಡುದು ಬೇಡ. ಮಕ್ಕಳ ಎದುರು."

"ಅದಕ್ಕೆ ಮೊದಲೇ ಬೇರೆ ಮಾಡುವುದು."

"ನೀವು ಬಿಳಿ ಹೆಲ್ಮೆಟ್ ತಂದು ಇಟ್ಟ ದಿವಸ ನಾನು ಎಂತ ಹೇಳಿದ್ದು, ನೆನಪುಂಟಾ?"

ಯೋಚಿಸಿದೆ. "ನೀವು ಎಂತ ಹೇಳ್ಲಿಲ್ಲ."

"ಹ್ಞಾಂ. ಈಗ ನೀವೂ ಎಂತ ಹೇಳ್ಬೇಡಿ." ಆಮೇಲೆ ನಗುತ್ತಾ, "ನೀವು ಎರಡು ಮಾಡಿದ್ರಿ, ನಾನು ಮೂರನೇದು ಇಟ್ಟೆ. ನನ್ನದಕ್ಕೆ ಎಸಿ ಉಂಟು, ಅಷ್ಟೇ ವ್ಯತ್ಯಾಸ."

ಬಸ್ಸು ಹತ್ತದೆ ಮನೆಯವರೆಗೆ ನಡೆದೆ. ಉತ್ತರಗಳು ಮಾರ್ಕೆಟ್ಟಿನ ಹತ್ತಿರ ಹೊಳೆಯತೊಡಗಿದವು, ಒಂದರ ಹಿಂದೆ ಒಂದು, ಯಾವುದೂ ಉತ್ತರವಾಗಿರಲಿಲ್ಲ.

ಡಿಸೆಂಬರ್ ೧೪, ಭಾನುವಾರ

ಬನ್ಸ್ ತಿನ್ನಬಾರದಿತ್ತು.

ಡಿಸೆಂಬರ್ ೧೮, ಗುರುವಾರ

ಹೆಂಡತಿ ರಮಾ ಬಸಳೆ ಸೋಸುತ್ತಿದ್ದಳು. ಶೆಟ್ಟರ ಮಾತನ್ನು ಹೇಳಿದೆ, ಐದು ದಿನ ಹೊಟ್ಟೆಯಲ್ಲಿಟ್ಟುಕೊಂಡ ಮೇಲೆ. ಎರಡು ಹೆಲ್ಮೆಟ್ಟು ನಾನು ಮಾಡಿದ್ದು ಅಮ್ಮನಿಗಾಗಿ ಎಂಬುದು ಆ ಮನುಷ್ಯನಿಗೆ ಏನು ಗೊತ್ತು ಎಂದೆ.

"ಅತ್ತೆ ಎಂತ ಹೇಳಿದ್ರು?" ಎಂದಳು.

"ಬಾಯಿಬಿಟ್ಟು ಹೇಳಬೇಕಾ?"

"ಅದರ ಹಿಂದಿನ ವರ್ಷ ನಮ್ಮಲ್ಲಿಗೆ ಕಾಟಿಪಳ್ಳದ ಹುಡುಗರು ಬಂದದ್ದು ಅಲ್ವಾ ನೀವು ಹೇಳುದು? ಸಫ್ವಾನ್, ಮತ್ತೊಬ್ಬ ವಿನೀತ. ಅತ್ತೆ ಎಂತ ಹೇಳ್ಲಿಲ್ಲ. ಆ ಸಫ್ವಾನನಿಗೆ ಎರಡನೇ ಸಲ ಮಜ್ಜಿಗೆ ಬಡಿಸಿದ್ದು ಅವರೇ. ನಾನು ಅಲ್ಲೇ ಇದ್ದೆ."

"ಮತ್ತೆ?"

"ಮತ್ತೆ ಎಂತ? ಎರಡನೇ ದಿನ ಸಂಜೆ, ನಾಳೆ ಬೆಳಿಗ್ಗೆ ಬರ್ತೇನೆ ಅಂತ ನಿಮ್ಮ ಅಣ್ಣನ ಫೋನ್ ಬಂತು. ನೀವು ಸ್ಕೂಟರ್ ತೆಗೆದ್ರಿ. ಪೌಲ್ ಮಾಮನ ಮನೇಲಿ ನಿನಗೆ ಮೀನು ಸಿಗ್ತದೆ ಅಂತ ಆ ಹುಡುಗನಿಗೆ ಹೇಳಿದ್ರಿ. ಅವನು, ನನಗೆ ಸಾರು ಅಡ್ಡಿ ಇಲ್ಲ ಸರ್ ಅಂದ. ಎರಡು ಸಲ ಅಂದ."

ನನ್ನ ಅಣ್ಣ ಶ್ರೀನಂದನ, ದೇವಸ್ಥಾನದಲ್ಲಿ ಅರ್ಚಕ. ಅವನಿಗೆ ಈ ವಿಷಯ ಯಾವತ್ತೂ ಗೊತ್ತಾಗಲಿಲ್ಲ. ಗೊತ್ತಾಗಿದ್ದರೆ ಏನು ಹೇಳುತ್ತಿದ್ದ ಎಂಬುದೂ ನನಗೆ ಗೊತ್ತಿಲ್ಲ.

"ಊಟಕ್ಕಾಗಿಯೇ ಅಲ್ಲವಾ ಕಳಿಸಿದ್ದು," ಎಂದೆ.

ರಮಾ ಬಸಳೆಯ ದಂಟನ್ನು ಮುರಿದಳು. "ವಿನೀತನೂ ಮೀನು ತಿನ್ನುವವನೇ. ಅವನನ್ನು ಕರ್ಕೊಂಡು ಹೋಗ್ಲಿಲ್ಲ ನೀವು. ಪಾಪ, ಅವನು ಆ ರಾತ್ರಿ ಒಬ್ಬನೇ ಉಂಡ."

ಹದಿನೇಳು ವರ್ಷ ಈ ಹೆಂಗಸು ಇದನ್ನು ಇಟ್ಟುಕೊಂಡು ನನ್ನ ಎದುರು ತರಕಾರಿ ಹೆಚ್ಚುತ್ತಿದ್ದಾಳೆ. ಆಗಲೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ನನ್ನನ್ನು ಯಾರು ಕೇಳಿದ್ರು ಎಂದಳು. ಇದಕ್ಕೂ ಕಾಲಮ್ ಇರಲಿಲ್ಲ.

ಡಿಸೆಂಬರ್ ೨೪, ಬುಧವಾರ

ಕಾಲೇಜಿಗೆ ರಜೆ. ನಲುವತ್ತು ಚೀಟಿ ಕತ್ತರಿಸಿದೆ, ಕಾರ್ಗಿಲಿನ ಐದೂ ಸೇರಿ. ಮನೆಗಳಿಗೆ ಫೋನ್ ಮಾಡಲಿಲ್ಲ. ಕಮಿಟಿಗೂ ಹೇಳಲಿಲ್ಲ. ಚೀಟಿ ನನ್ನ ಇಲಾಖೆ ಎಂದು ೨೦೦೭ರ ನಿರ್ಣಯದಲ್ಲಿ ಇದೆ, ಹುಡುಕಿ ನೋಡಿಕೊಂಡೆ.

ತನ್ಮಯಿ ತನ್ನ ಹಳೆಯ ಹೆಲ್ಮೆಟ್ಟು ತಂದುಕೊಟ್ಟಳು. ಕೆಂಪು.

"ಬಿಳಿಯೂ ಬೇಡ ಕಪ್ಪೂ ಬೇಡ ಅಂತ ಇದನ್ನು ತಂದಿಯಾ?"

"ಅಲ್ಲ ಅಪ್ಪ. ಇದು ವಾಸನೆ ಕಮ್ಮಿ."

ಡಿಸೆಂಬರ್ ೨೬, ಶುಕ್ರವಾರ

ಇದನ್ನು ನಡೆದ ಕ್ರಮದಲ್ಲೇ ಬರೆಯಬೇಕು, ಇಲ್ಲದಿದ್ದರೆ ನಾಳೆಗೆ ನಾನು ಬೇರೆ ಮಾಡಿಬಿಡುತ್ತೇನೆ.

ಸಂಜೆ ಐದಕ್ಕೆ ರಿಂಕಿನ ಪಕ್ಕದ ಅಂಗಳದಲ್ಲಿ ಎಲ್ಲ ಸೇರಿದ್ದರು. ಮಕ್ಕಳು ಚೀಲಗಳ ಮೇಲೆ ಕೂತಿದ್ದರು. ಕಾರ್ಗಿಲಿನವರು ಎದ್ದು ನಿಂತಿದ್ದರು, ಆರು ಹುಡುಗರು, ನಾಲ್ಕು ಹುಡುಗಿಯರು, ನಮ್ಮ ಡಿಸೆಂಬರಿನ ಸೆಕೆಗೆ ಮುಖ ಕೆಂಪಾಗಿ. ಗೇಟಿನ ಹೊರಗೆ ಶೆಟ್ಟರ ಹೋಟೆಲಿನ ವ್ಯಾನು.

ಒಂದೇ ಹೆಲ್ಮೆಟ್ಟು, ಅದಲುಬದಲು ಇಲ್ಲ, ಮನೆಯಲ್ಲಿ ಇದ್ದದ್ದನ್ನು ಮಕ್ಕಳು ಉಣ್ಣುತ್ತಾರೆ ಎಂದು ಹೇಳಿದೆ. ಯಾರೋ ಹಿಂದಿನಿಂದ, "ಮಾಷ್ಟ್ರಿಗೆ ಎಂತ ಆಯ್ತು ಮಾರಾಯ?" ಎಂದರು. ಶೆಟ್ಟರು ನನ್ನನ್ನು ತಡೆಯುತ್ತಾರೆ ಎಂದುಕೊಂಡಿದ್ದೆ. ತಡೆಯಲಿಲ್ಲ. ಕುರ್ಚಿ ಎಳೆದು ಕೂತರು.

ಮೊದಲು ಕಾರ್ಗಿಲ್ ಬಂದದ್ದು ಭವ್ಯಶ್ರೀಗೆ. ಈ ವರ್ಷ ಹೊಸದಾಗಿ ಸೇರಿದ ಮನೆ, ಕೈಯಲ್ಲಿ ಕೂಸು. "ಅವರಿಗೆ ಚಳಿ ಬೇಕಲ್ಲ ಸರ್, ನಮ್ಮಲ್ಲಿ ಫ್ಯಾನ್ ಮಾತ್ರ ಇರುದು," ಎಂದಳು. ಅವಳ ಚಿಂತೆ ಅಷ್ಟೇ ಇತ್ತು. ಇನ್ನೊಂದು ಪೌಲ್ ಅವರಿಗೆ, ಇನ್ನೊಂದು ಮಾರ್ಕೆಟ್ಟಿನ ಹಿಂದಿನ ಟೈಲರ್ ಮನೆಗೆ. ಮುಮ್ತಾಝ್ ಅವರಿಗೆ ಮೈಸೂರಿನ ಇಬ್ಬರು ಹುಡುಗಿಯರು ಬಂದರು, ಬೆಳ್ಳುಳ್ಳಿಯನ್ನೂ ತಿನ್ನದವರು. ಮುಮ್ತಾಝ್ ಚೀಟಿಯನ್ನು ಎರಡು ಸಲ ಓದಿದರು. ನನ್ನ ಕಡೆ ನೋಡಲಿಲ್ಲ. ಆಮೇಲೆ ರಮಾಗೆ ಅವರ ಫೋನ್ ಬಂತು, ಸಾರಿಗೆ ಇಂಗು ಎಷ್ಟು ಎಂದು.

ಉಳಿದ ಎರಡು ಕಾರ್ಗಿಲ್ ಚೀಟಿಗಳು ಹತ್ತು ನಿಮಿಷದೊಳಗೆ ನನ್ನ ಮೇಜಿಗೆ ವಾಪಸು ಬಂದವು. ಒಬ್ಬರ ಅತ್ತೆಗೆ ಇದ್ದಕ್ಕಿದ್ದಂತೆ ಜ್ವರ. ಇನ್ನೊಬ್ಬರ ಬಚ್ಚಲಿನ ಪೈಪು ಒಡೆದಿದೆ. ಹೆಸರು ಬರೆಯಬೇಕೆಂದು ಪೆನ್ನು ಊರಿದೆ. ಹದಿನೇಳು ವರ್ಷದ ಹಿಂದೆ ನನ್ನ ಹತ್ತಿರ ಒಡೆದ ಪೈಪು ಕೂಡ ಇರಲಿಲ್ಲ. ಬಿಟ್ಟೆ.

ನಾಲ್ಕು ಮಕ್ಕಳು ಚೀಲ ಹಿಡಿದು ನಿಂತಲ್ಲೇ ನಿಂತರು. ಅವರಿಗೆ ಕನ್ನಡ ಬರುವುದಿಲ್ಲ. ಬರಬೇಕಾಗಿಯೂ ಇರಲಿಲ್ಲ.

ಶೆಟ್ಟರು ಎದ್ದು ಬಂದರು. ನಗಲಿಲ್ಲ, ಅದೇ ನನಗೆ ಹೆಚ್ಚು ಉರಿಯಿತು.

"ಹಾಲ್ ನಾನು ಕ್ಯಾನ್ಸಲ್ ಮಾಡಿರ್ಲಿಲ್ಲ ಮಾಷ್ಟ್ರೆ. ನನಗೆ ನಮ್ಮವರ ಗುರ್ತ ಉಂಟು."

"ನಿಮ್ಮ ಮನೇಲಿ ಜಾಗ ಇಲ್ವಾ?"

"ನಾನು ಎರಡು ಮಕ್ಕಳನ್ನು ತೆಕ್ಕೊಂಡಾಯ್ತು, ಚೀಟಿ ಪ್ರಕಾರ. ನೀವೂ ತೆಕ್ಕೊಂಡಿದ್ದೀರಿ. ಅದಲುಬದಲು ಇಲ್ಲ ಅಂದವರು ನೀವೇ."

ನನ್ನ ಚೀಟಿಯಲ್ಲಿ ಬಂದವರು ಶಿವಮೊಗ್ಗದ ಇಬ್ಬರು. ಒಬ್ಬನಿಗೆ ಹೋದ ವರ್ಷ ಉಪನಯನ ಆಗಿದೆಯಂತೆ. ಮನೆಗೆ ಬಂದವನೇ ಸಂಧ್ಯಾವಂದನೆಗೆ ಪಂಚಪಾತ್ರೆ ಕೇಳಿದ. ಸಂಭವದ ನಿಯಮಗಳಿಗೆ ಹಾಸ್ಯಪ್ರಜ್ಞೆ ಇದೆ.

ಅವನಿಗೆ ನೀರು ಕೊಟ್ಟು ರಮಾ ತನ್ಮಯಿಯ ಸ್ಕೂಟರ್ ಹತ್ತಿ ಹೋದಳು. ನನಗೆ ಹೇಳಲಿಲ್ಲ. ಅರ್ಧ ಗಂಟೆಯಲ್ಲಿ, ಹಾಲ್‌ಗೆ ಹೋದ ನಾಲ್ವರಲ್ಲಿ ಇಬ್ಬರು ಹುಡುಗಿಯರನ್ನು ಹಿಂದೆ ಕೂರಿಸಿಕೊಂಡು ಬಂದಳು, ಮೂವರು ಒಂದೇ ಸ್ಕೂಟರಿನಲ್ಲಿ. ದೊಡ್ಡವಳ ಹೆಸರು ಝಹರಾ, ಅವರ ತಂಡದ ಗೋಲ್ ಕೀಪರ್. ಚೀಲದಿಂದ ಒಣ ಏಪ್ರಿಕಾಟಿನ ಪೊಟ್ಟಣ ತೆಗೆದು ಎರಡೂ ಕೈಯಲ್ಲಿ ಹಿಡಿದು ರಮಾಗೆ ಕೊಟ್ಟಳು.

"ಇನ್ನಿಬ್ಬರು ಹುಡುಗರು?" ಎಂದೆ.

"ಸ್ಕೂಟರಿನಲ್ಲಿ ಎಷ್ಟು ಜನ ಕೂರ್ತಾರೆ?" ಎಂದಳು. "ನೀವು ಹೋಗಿ."

ಹೋಗಲಿಲ್ಲ. ನಾಳೆ ಎಂದುಕೊಂಡೆ.

ಡಿಸೆಂಬರ್ ೨೭, ಶನಿವಾರ

ಬೆಳಿಗ್ಗೆ ಏಳಕ್ಕೆ ಹೋದೆ. ಮದುವೆಯ ಆರತಕ್ಷತೆ ನಡೆಯುವಂಥ ಹಾಲ್. ಗೋಡೆಗೆ ಒರಗಿಸಿದ ಇನ್ನೂರು ಕುರ್ಚಿಗಳ ಬುಡದಲ್ಲಿ ಎರಡು ಹಾಸಿಗೆ. ಎಸಿ ಜೋರಾಗಿತ್ತು. ಇಬ್ಬರೂ ಎದ್ದು, ಹೊದಿಕೆ ಮಡಚಿ, ಅದರ ಮೇಲೆ ದಿಂಬು ಇಟ್ಟು, ಬೂಟು ಹಾಕಿಕೊಂಡು ಕೂತಿದ್ದರು. ಹನ್ನೆರಡು ವರ್ಷದವರು ಹೊದಿಕೆಯನ್ನು ಅಷ್ಟು ನೀಟಾಗಿ ಮಡಚುವುದು ಬೇರೆಯವರ ಮನೆಯಲ್ಲಿ ಮಾತ್ರ.

ಮನೆಗೆ ಬನ್ನಿ, ನಿಮ್ಮ ತಂಡದ ಹುಡುಗಿಯರೂ ಅಲ್ಲೇ ಇದ್ದಾರೆ ಎಂದು ನನ್ನ ಹರಕು ಹಿಂದಿಯಲ್ಲಿ ಹೇಳಿದೆ. ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. ದೊಡ್ಡವನು ಎದ್ದು ನಿಂತು ಹೇಳಿದ, ಬಹಳ ಮರ್ಯಾದೆಯಿಂದ: ಇಲ್ಲಿ ಚೆನ್ನಾಗಿದೆ ಸರ್, ಟೀವಿ ಇದೆ, ಇನ್ನೊಮ್ಮೆ ಜಾಗ ಬದಲಾಯಿಸುವುದು ಬೇಡ.

ಒತ್ತಾಯ ಮಾಡಿದೆ. ಚಿಕ್ಕವನು ನೆಲ ನೋಡತೊಡಗಿದ. ಆಗ ನಿಲ್ಲಿಸಿದೆ.

ಟೀವಿಗೆ ಪ್ಲಗ್ ಹಾಕಿರಲಿಲ್ಲ.

ಡಿಸೆಂಬರ್ ೨೮, ಭಾನುವಾರ

ಕಾರ್ಗಿಲ್ ಸೆಮಿಫೈನಲಿನಲ್ಲಿ ಸೋತಿತು, ಮೂರು–ಎರಡು. ಆ ಎರಡೂ ಗೋಲು ಹಾಲ್‌ನಲ್ಲಿ ಮಲಗಿದ ದೊಡ್ಡವನದ್ದು. ನಾನು ಚಪ್ಪಾಳೆ ತಟ್ಟಿದೆ. ಪಕ್ಕದಲ್ಲಿ ಪೈಪು ಒಡೆದವರೂ ತಟ್ಟುತ್ತಿದ್ದರು. ನಿಲ್ಲಿಸಿ ಎಂದು ಹೇಳಬೇಕೆನಿಸಿತು. ಯಾರಿಗೆ ಎಂದು ಗೊತ್ತಾಗಲಿಲ್ಲ.

ಮಧ್ಯಾಹ್ನ ಝಹರಾ ಮೂರು ಸಲ ಸಾರು ಹಾಕಿಸಿಕೊಂಡು ನೆತ್ತಿಯಲ್ಲೆಲ್ಲ ಬೆವತಳು. ಶಿವಮೊಗ್ಗದ ಹುಡುಗ ಅವಳಿಗೆ ಬೀಸಣಿಗೆ ಬೀಸಿದ, ಒಂದು ಕೈಯಿಂದ ಉಣ್ಣುತ್ತಾ. ರಮಾ ಏಪ್ರಿಕಾಟ್ ಹಾಕಿ ಪಾಯಸ ಮಾಡಿದ್ದಳು. ಚೆನ್ನಾಗಿರಲಿಲ್ಲ. ಎಲ್ಲರೂ ತಿಂದರು.

ಅಣ್ಣ ಬಂದಿದ್ದ, ಅನಿರೀಕ್ಷಿತವಾಗಿ. ಚಾವಡಿಯಲ್ಲಿ ನಾಲ್ಕೂ ಮಕ್ಕಳನ್ನು ನೋಡಿದ. ಹೆಸರು ಕೇಳಿದ, ಅವರು ಹೇಳಿದರು. "ನಿಮ್ಮಲ್ಲಿ ನೀರಿನ ಮೇಲೆ ನಡೆಯಬಹುದಂತೆ, ಹೌದಾ?" ಎಂದು ಝಹರಾಳನ್ನು ಹಿಂದಿಯಲ್ಲಿ ವಿಚಾರಿಸಿದ. ಅರ್ಧ ಗಂಟೆ ಮಂಜುಗಡ್ಡೆಯ ದಪ್ಪ ಎಷ್ಟಿರಬೇಕು ಎಂಬುದನ್ನು ಅವಳು ಅವನಿಗೆ ಕೈಯಲ್ಲಿ ತೋರಿಸಿದಳು. ಚಹಾ ಕುಡಿದು ಹೋದ.

ಅಷ್ಟೇ. ಇನ್ನೇನೂ ಆಗಲಿಲ್ಲ. ಇವನು ಬರುತ್ತಾನೆ ಎಂದೇ ಅವತ್ತು ನಾನು ಸ್ಕೂಟರ್ ತೆಗೆದದ್ದು. ಅವನು ಹೋದ ಮೇಲೆ ನಾನು ಬಚ್ಚಲಿಗೆ ಹೋಗಿ ನಳ್ಳಿ ಬಿಟ್ಟುಕೊಂಡು ನಿಂತೆ. ಇಷ್ಟು ಸಿಟ್ಟು ಈ ಇಡೀ ತಿಂಗಳಲ್ಲಿ ಬಂದಿರಲಿಲ್ಲ.

ಡಿಸೆಂಬರ್ ೨೯, ಸೋಮವಾರ

ಎಲ್ಲರೂ ಹೋದರು. ಹುಡುಗಿಯರು ರಮಾಳ ಕಾಲು ಮುಟ್ಟಲು ಬಗ್ಗಿದರು, ಶಿವಮೊಗ್ಗದವರನ್ನು ನೋಡಿ ಕಲಿತದ್ದಿರಬೇಕು. ಹಾಲ್‌ನ ಹುಡುಗರಿಬ್ಬರೂ ರೈಲ್ವೆ ಸ್ಟೇಷನ್ನಿನಲ್ಲಿ ನನಗೆ ಕೈಕೊಟ್ಟು ಥ್ಯಾಂಕ್ಯೂ ಸರ್ ಎಂದರು. ದೂರು ಹೇಳುವಂಥದ್ದು ಅವರ ಮುಖದಲ್ಲಿ ಏನಾದರೂ ಸಿಗುತ್ತದೆಯೇ ಎಂದು ಹುಡುಕಿದೆ. ಸಿಗಲಿಲ್ಲ.

ಮುಮ್ತಾಝ್ ಅವರು ಸಿಕ್ಕಿದರು. ಹಳೆಯ ಪತ್ರ ಇದ್ದರೆ ಕೊಡಿ, ಸಹಿ ಹಾಕುತ್ತೇನೆ ಎಂದರು. ಹರಿದು ಹಾಕಿದೆ ಎಂದೆ. ಹಾಗಾದರೆ ಹೊಸದು ಬರೆಯಿರಿ, ಈ ಸಲ ಚಿಕ್ಕದು ಸಾಕು ಎಂದರು.

೨೦೦೮ರ ಪುಸ್ತಕ ತೆಗೆದೆ. ಅರ್ಜಿ, ಕಾಲಮ್ ಎಲ್ಲ ಬರುವುದಕ್ಕಿಂತ ಹಿಂದಿನದು, ಕೈಯಲ್ಲಿ ಗೆರೆ ಎಳೆದದ್ದು. ನಮ್ಮ ಮನೆಯ ಸಾಲಿನಲ್ಲಿ ಹೀಗಿದೆ: 'ವಿನೀತ್. (ಸಫ್ವಾನ್, ಎರಡನೆಯ ದಿನದಿಂದ ಪೌಲ್ ಅವರಲ್ಲಿ. ಊಟದ ಅನುಕೂಲಕ್ಕಾಗಿ.)' ಅಕ್ಷರ ಅಚ್ಚುಕಟ್ಟಾಗಿದೆ.

ಸಫ್ವಾನ್, ಈಗ ನಿನಗೆ ಇಪ್ಪತ್ತೊಂಬತ್ತು ಆಗಿರಬೇಕು. ಕಾಟಿಪಳ್ಳದ ತಂಡದ ಈಗಿನ ಕೋಚ್‌ಗೆ ನಿನ್ನ ಹೆಸರು ಗೊತ್ತಿಲ್ಲ. ಮರುವರ್ಷ ನೀನು ಆಡಲು ಬರಲಿಲ್ಲ. ಅದನ್ನು ಇವತ್ತು ಪಟ್ಟಿಯಲ್ಲಿ ನೋಡಿದೆ, ಆಗ ನೋಡಿರಲಿಲ್ಲ. ಪೌಲ್ ಅವರ ಗೇಟಿನ ಎದುರು ಸ್ಕೂಟರಿನಿಂದ ಇಳಿದವನು ಚೀಲ ಹೆಗಲಿಗೇರಿಸಿಕೊಂಡು ನೀನು ನನಗೆ ಏನೋ ಹೇಳಿದೆ, ಥ್ಯಾಂಕ್ಸ್ ಎಂದಿರಬೇಕು. ಸಫ್ವಾನ್, ಮೀನಿಗಾಗಿ ಎಂದು ನಾನು ಹೇಳಿದ್ದನ್ನು ನೀನು ನಂಬಿದ್ದೆಯಾ?